ಆರು ಕ್ಯೂಬ್ ಮೋಲ್ಡು, ಒಂದು ನೀಲಿ ಡ್ರಮ್ಮು, ಒಂದು ಮೀನಿನ ಹೀಟರು: ಎರಡು ರೌಂಡ್ ಎಂ60 ಹಾಕಿದ್ಮೇಲೆ ರಿವ್ಯೂ

ಕ್ಯೂಬ್ ಮೋಲ್ಡ್ (ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಒಡೆಸಿ ನೋಡೋಕೆ ಅದನ್ನ ಕ್ಯೂಬಾಗಿ ಎರಕ ಹೊಯ್ಯೋ ಡಬ್ಬಿ) ತಗೋಬೇಕು, ಎರಕದ ಕಬ್ಬಿಣದ್ದಾ ಪ್ಲಾಸ್ಟಿಕ್ಕಾ ಅಂತ ತಲೆ ಕೆಡಿಸ್ಕೊಂಡಿರೋರು ಇದನ್ನ ಓದಿ. ನಾನು ಎರಡೂ ತಗೊಂಡೆ, ಮೂರು ಮೂರು. ದುಡ್ಡು ಜಾಸ್ತಿ ಇತ್ತು ಅಂತ ಅಲ್ಲ, ಮೂರು ಕಬ್ಬಿಣದ್ದು ತಗೊಳ್ಳೋ ಹೊತ್ತಿಗೆ ಜೇಬು ಖಾಲಿ ಆಗಿತ್ತು, ಉಳಿದ ಮೂರು ಆನ್‌ಲೈನಲ್ಲಿ ಪ್ಲಾಸ್ಟಿಕ್ಕು ಬಂತು. ಅದ್ರಿಂದ ಹೋಲಿಸಿ ನೋಡೋ ಚಾನ್ಸ್ ತಾನಾಗೇ ಸಿಕ್ತು.

ನಾನು ಹಾಸನದ ಕಡೆಯೋನು, ಮನೆ ಕಟ್ಟಿಸಿಕೊಡೋ ಕೆಲಸ, ದಿನಾ ನೋಡೋದು ಎಂ20, ಎಂ25 ಗ್ರೇಡಿನ ಕಾಂಕ್ರೀಟು. ಎಂ60 ನನ್ನ ಜನ್ಮದಲ್ಲಿ ಹಾಕಿರಲಿಲ್ಲ. ನಮ್ಮ ತಂಗಿ ಸಿವಿಲ್ ಕೊನೇ ವರ್ಷ, ಪ್ರಾಜೆಕ್ಟಿಗೆ 60 ಬರೋ ಕಾಂಕ್ರೀಟ್ ಮಾಡಿ ಒಡೆಸಿ ರಿಪೋರ್ಟ್ ಕೊಡಬೇಕು, ಅವರ ಕಾಲೇಜ್ ಲ್ಯಾಬಲ್ಲಿ ಮೋಲ್ಡುಗಳಿಗೆ ಕ್ಯೂ ನಿಂತಿದ್ರು. ಅಣ್ಣ ನಮ್ಮ ಶೆಡ್ಡಲ್ಲೇ ಹಾಕೋಣ ಅಂದ್ಲು. ಹೂಂ ಅಂದೆ, ಅಲ್ಲಿಂದ ಶುರು. ಎಂ60 ಅಂದ್ರೆ 150 ಎಂಎಂ ಕ್ಯೂಬು 28 ದಿನಕ್ಕೆ ಚದರ ಮಿಲಿಮೀಟರಿಗೆ 60 ನ್ಯೂಟನ್ ತಡೀಬೇಕು. ಮಿಕ್ಸ್ ಡಿಸೈನ್ ಮಾಡುವಾಗ ಸರಿಯಾಗಿ 60ಕ್ಕೇ ಗುರಿ ಇಟ್ರೆ ಅರ್ಧಕ್ಕರ್ಧ ಕ್ಯೂಬು ಕೆಳಗೆ ಬೀಳುತ್ತೆ, ಅದಕ್ಕೇ 1.65 ಇಂಟು 5 (ಈ 5 ಅನ್ನೋದು ಕ್ಯೂಬಿಂದ ಕ್ಯೂಬಿಗೆ ಬರೋ ಏರುಪೇರಿನ ಅಂದಾಜು) ಸೇರಿಸಿ 68.25ಕ್ಕೆ ಗುರಿ. ಇದು ತಂಗಿ ಲೆಕ್ಕ, ನಂದಲ್ಲ.

ಮೊದಲು ಒಂದು ತಮಾಷೆ. ನಮ್ಮ ಕಡೆ ಮೋಲ್ಡ್ ಹಾಕೋದು ಅಂದ್ರೆ ತಾರಸಿ ಹಾಕೋದು ತಾನೇ. ನಾನು ಮೇಸ್ತ್ರಿಗೆ ಫೋನ್ ಮಾಡಿ "ಭಾನುವಾರ ಮೋಲ್ಡ್ ಹಾಕೋದಿದೆ, ಬಾ" ಅಂದೆ. ಭಾನುವಾರ ಬೆಳಗ್ಗೆ ಏಳಕ್ಕೆ ಎಂಟು ಜನ ಆಳು, ಬಾಂಡ್ಲಿ, ಸಲಿಕೆ ಎಲ್ಲ ಆಟೋದಲ್ಲಿ ತುಂಬ್ಕೊಂಡು ಬಂದು ಗೇಟಲ್ಲಿ ನಿಂತಿದ್ದಾನೆ. "ಎಲ್ಲಿ ಸಾ, ಸೆಂಟ್ರಿಂಗೇ ಹೊಡೆದಿಲ್ವಲ್ಲ?" ಅಂತ ಕೇಳ್ದ. ನಾನು ಆರು ಡಬ್ಬಿ ತೋರಿಸಿದೆ. ಅವನ ಮುಖ ನೋಡಬೇಕಿತ್ತು. ಎಂಟು ಜನಕ್ಕೂ ಕಾಫಿ ತಿಂಡಿ ಕೊಟ್ಟು ಆರು ಜನರನ್ನ ವಾಪಸ್ ಕಳಿಸಿದ್ದು ಕೂಡ ಈ ಪ್ರಾಜೆಕ್ಟ್ ಖರ್ಚಲ್ಲೇ ಬರುತ್ತೆ.

ಈಗ ಕಬ್ಬಿಣದ ಮೋಲ್ಡು. ಬೆಂಗಳೂರು ಎಸ್‌ಜೆಪಿ ರೋಡಿಗೆ ಹೋಗಿ ತಂದೆ, ಒಂದೊಂದಕ್ಕೆ ಎರಡು ಸಾವಿರದ ಹತ್ತಿರ ಬಿತ್ತು. ತಳಕ್ಕೆ ಬೇರೆ ಪ್ಲೇಟು, ಪಕ್ಕಗಳು ನಟ್ಟು ಬೋಲ್ಟಲ್ಲಿ ಬಿಗಿಯೋದು, ಖಾಲಿ ಮೋಲ್ಡೇ ಹತ್ತು ಕೆಜಿ ಮೇಲೆ ತೂಗುತ್ತೆ, ಮೂರನ್ನ ಹೊತ್ಕೊಂಡು ಮೆಜೆಸ್ಟಿಕ್ ತನಕ ಬರೋ ಹೊತ್ತಿಗೆ ಹೆಗಲು ಹೋಗಿತ್ತು. ಅಂಗಡೀಲಿ ಮಾಡಬೇಕಾದ ಕೆಲಸ ಒಂದೇ, ಜೊತೇಲಿ ಮೂಲೆಮಟ್ಟ ತಗೊಂಡು ಹೋಗಿ ಒಳಗಿನ ನಾಲ್ಕೂ ಮೂಲೆಗೆ ಇಟ್ಟು ನೋಡಿ, ಬೆಳಕು ತೂರಿ ಬಂದ್ರೆ ಬೇಡ ಅನ್ನಿ. ಐಎಸ್ 10086 (ಮೋಲ್ಡಿಗೆ ಇರೋ ಭಾರತೀಯ ಸ್ಟ್ಯಾಂಡರ್ಡು) ಪ್ರಕಾರ ಎದುರುಬದುರು ಮುಖಗಳ ಅಂತರ 150ಕ್ಕೆ 0.2 ಎಂಎಂ ಹೆಚ್ಚೂಕಮ್ಮಿ, ಮೂಲೆ 90 ಡಿಗ್ರಿಗೆ ಅರ್ಧ ಡಿಗ್ರಿ ಹೆಚ್ಚೂಕಮ್ಮಿ, ಅಷ್ಟೇ ಬಿಡೋದು. ಅಂಗಡಿಯವನು ಮೊದಲು ಕೊಟ್ಟ ಮೂರರಲ್ಲಿ ಒಂದು ನಡುವೆ ಕಣ್ಣಿಗೇ ಕಾಣೋ ಹಾಗೆ ಸಂದು ಬಿಟ್ಟಿತ್ತು, ಬದಲಾಯಿಸಿ ಕೊಡಪ್ಪ ಅಂದಿದ್ದಕ್ಕೆ ಒಂದು ಮಾತೂ ಆಡದೆ ಬದಲಾಯಿಸಿದ, ಅದಕ್ಕೆ ಮಾರ್ಕ್ಸ್ ಕೊಡ್ತೀನಿ. ಕುಟ್ಟೋ ಸರಳು ಕೂಡ ಅಲ್ಲೇ ತಗೊಳ್ಳಿ. 16 ಎಂಎಂ ದಪ್ಪ, 600 ಎಂಎಂ ಉದ್ದ, ತುದಿ ಗುಂಡಗೆ ಇರೋ ನಯಸ್ಸಾದ ಸರಳು. ಸೈಟಲ್ಲಿ ಬಿದ್ದಿರೋ 16 ಎಂಎಂ ಕಂಬಿ ತುಂಡಲ್ಲಿ ಕುಟ್ಟಬೇಡಿ, ಅದರ ಏಣು ಮೇಲೆ ಎತ್ತುವಾಗ ಗಾಳಿ ಎಳ್ಕೊಂಡು ಬರುತ್ತೆ.

ದೂರು ಏನಪ್ಪ ಅಂದ್ರೆ ತಳದ ಪ್ಲೇಟು ಸೇರೋ ಜಾಗದಲ್ಲಿ ಸಿಮೆಂಟ್ ಹಾಲು ಸೋರುತ್ತೆ. ಎಂ60ರಲ್ಲಿ ಸೋರೋ ಹಾಲೇ ಸ್ಟ್ರೆಂತು, ಅದು ಹೋದ್ರೆ ಕೆಳಗಿನ ಅಂಚಲ್ಲಿ ಜಲ್ಲಿ ಹಲ್ಲು ಕಿರಿದ ಹಾಗೆ ಕಾಣುತ್ತೆ. ಜಾಯಿಂಟಿಗೆ ಗ್ರೀಸ್ ಹಚ್ಚಿ ಬಿಗಿದ್ರೆ ನಿಲ್ಲುತ್ತೆ. ಒಳಗಡೆಗೆ ಎಣ್ಣೆ ತೆಳ್ಳಗೆ ಸಾಕು, ದೋಸೆ ಕಾವಲಿಗೆ ಈರುಳ್ಳೀಲಿ ಸವರ್ತೀವಲ್ಲ ಅಷ್ಟು. ನಮ್ಮ ಮೇಸ್ತ್ರಿ ಮೊದಲನೇ ಮೋಲ್ಡಿಗೆ ಪೂರಿ ಕರಿಯೋಷ್ಟು ಸುರಿದಿದ್ದ, ಬಗ್ಗಿಸಿ ಒರೆಸಿದ್ದಾಯ್ತು. ಬೋಲ್ಟಿನ ಮರೆಗೆ ಸಿಮೆಂಟ್ ಕೂತ್ರೆ ಮಾರನೇ ದಿನ ಸ್ಪ್ಯಾನರೂ ಅಲ್ಲಾಡಲ್ಲ, ಹಾಕಿದ ಹತ್ತು ನಿಮಿಷದಲ್ಲೇ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿಬಿಡಿ.

ಪ್ಲಾಸ್ಟಿಕ್ ಮೋಲ್ಡ್ ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಮುಂದೆ ಬೈಯೋದಿದೆ. ಇದು ಒಂದೇ ಅಚ್ಚು, ಜಾಯಿಂಟೇ ಇಲ್ಲ, ಹಾಲು ಸೋರಲ್ಲ, ತುಕ್ಕು ಇಲ್ಲ, ಹಗುರ, ಕಬ್ಬಿಣದ್ದರ ಮೂರನೇ ಒಂದು ಭಾಗ ರೇಟು. ತಳದಲ್ಲಿ ಒಂದು ಸಣ್ಣ ತೂತು ಇರುತ್ತೆ, ಹಾಕುವಾಗ ಅದಕ್ಕೆ ಟೇಪ್ ಅಂಟಿಸಿ, ಮಾರನೇ ದಿನ ಟೇಪ್ ಕಿತ್ತು ಬೋರಲು ಹಾಕಿ ಆ ತೂತಿಗೆ ಗಾಳಿ ಹೊಡೆದ್ರೆ ಕ್ಯೂಬು ಪುಳಕ್ ಅಂತ ಈಚೆ ಬರುತ್ತೆ. ಹಾಗಂತ ಡಬ್ಬದ ಮೇಲಿನ ಚಿತ್ರದಲ್ಲಿದೆ. ನಮ್ಮ ಹತ್ತಿರ ಕಂಪ್ರೆಸರ್ ಇಲ್ಲ, ಸೈಕಲ್ ಪಂಪಲ್ಲಿ ಹೊಡೆದು ಹೊಡೆದು ತಂಗಿ ಸುಸ್ತಾದ್ಲು, ಕೊನೆಗೆ ಮೂರನ್ನೂ ಸ್ಕೂಟರ್ ಮುಂದೆ ಇಟ್ಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅವನು ಲಾರಿ ಟೈರಿಗೆ ಹೊಡೆಯೋ ಗಾಳಿ ಹಿಡಿದ ನೋಡಿ, ಕ್ಯೂಬು ಅಷ್ಟುದ್ದ ಜಾರಿ ಹೋಗಿ ಒಂದು ಅಂಚು ಚಕ್ಕೆ ಎದ್ದಿತು. ಕೆಳಗೆ ಗೋಣಿಚೀಲ ಹಾಸಿಕೊಳ್ಳಿ, ಗಾಳಿ ಮೆಲ್ಲಗೆ ಬಿಡಿಸಿ.

ಮಿಕ್ಸು. ಆರು ಕ್ಯೂಬಿಗೆ ಲೆಕ್ಕ 20 ಲೀಟರ್ ಚಿಲ್ಲರೆ, ವೇಸ್ಟ್ ಸೇರಿಸಿ 25 ಲೀಟರ್ ಅಂತ ಇಟ್ಕೊಂಡ್ವಿ. 53 ಗ್ರೇಡ್ ಓಪಿಸಿ ಸಿಮೆಂಟ್ 11.25 ಕೆಜಿ, ಸಿಲಿಕಾ ಫ್ಯೂಮ್ 875 ಗ್ರಾಂ, ಎಂ-ಸ್ಯಾಂಡ್ 18 ಕೆಜಿ, ಜಲ್ಲಿ 27 ಕೆಜಿ, ಪಿಸಿಇ ಅಡ್ಮಿಕ್ಸ್ಚರ್ (ನೀರು ಕಮ್ಮಿ ಇದ್ರೂ ಕಾಂಕ್ರೀಟನ್ನ ಮೆತ್ತಗೆ ಮಾಡೋ ದ್ರಾವಣ) 120 ಗ್ರಾಂ, ನೀರು 3.6 ಲೀಟರ್. ಇನ್ನೊಂದ್ಸಲ ಓದಿ, ಹನ್ನೆರಡು ಕೆಜಿ ಪುಡಿಗೆ ನೀರು ಬರೀ 3.6 ಲೀಟರ್. ಸೈಟಲ್ಲಿ ಒಂದು ಮೂಟೆಗೆ 25 ಲೀಟರ್ ಹಾಕಿ ಅಂದ್ರೇ ಮೇಸ್ತ್ರಿ ಮುಖ ಸಿಂಡರಿಸ್ತಾನೆ, ಇದು ಮೂಟೆ ಲೆಕ್ಕದಲ್ಲಿ ಬರೀ 16.

ಜಲ್ಲಿ 20 ಎಂಎಂ ಬೇಡ ಅಂತ 12 ಎಂಎಂದೇ ತರಿಸಿದ್ವಿ, ಅದರಲ್ಲಿ ಚಪ್ಪಟೆ ಇರೋವನ್ನ ತಂಗಿ ಅಕ್ಕಿ ಆರಿಸೋ ಹಾಗೆ ಮೊರದಲ್ಲಿ ಹಾಕಿ ಆರಿಸಿದ್ಲು, ತೊಳೆದು ಧೂಳು ಕಳೆದು ಟವೆಲಲ್ಲಿ ಒರೆಸಿದ್ಲು. ಸಿಲಿಕಾ ಫ್ಯೂಮ್ ಅನ್ನೋದು ಸಿಮೆಂಟ್ ಕಣಕ್ಕಿಂತ ನೂರು ಪಟ್ಟು ಸಣ್ಣ ಪುಡಿ, ಸಿಮೆಂಟ್ ಕಣಗಳ ಸಂದಿ ತುಂಬುತ್ತೆ, ಆಮೇಲೆ ಸಿಮೆಂಟು ಬಿಡೋ ಸುಣ್ಣದ ಜೊತೆ ಸೇರಿ ಅದನ್ನೂ ಗಟ್ಟಿ ಮಾಡುತ್ತೆ. ಮಾಸ್ಕ್ ಇಲ್ಲದೆ ಚೀಲ ಬಿಚ್ಚಬೇಡಿ. ಅವತ್ತು ಅಮ್ಮ ಒಣಹಾಕಿದ್ದ ಅಪ್ಪನ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣ ಆಗಿತ್ತು, ಆ ವಿಷಯ ಇನ್ನೂ ಮನೇಲಿ ಇತ್ಯರ್ಥ ಆಗಿಲ್ಲ.

ಮರಳಲ್ಲಿರೋ ನೀರು ಯಾರೂ ಲೆಕ್ಕ ಹಿಡಿಯಲ್ಲ, ಅಲ್ಲೇ ಎಲ್ಲ ಹಾಳಾಗೋದು. 18 ಕೆಜಿ ಮರಳಲ್ಲಿ 4 ಪರ್ಸೆಂಟ್ ತೇವ ಜಾಸ್ತಿ ಇದ್ರೆ 720 ಎಂಎಲ್ ನೀರು ಕಳ್ಳದಾರೀಲಿ ಒಳಗೆ ಬಂದ ಹಾಗೆ. ನೀರು-ಪುಡಿ (ಸಿಮೆಂಟು, ಸಿಲಿಕಾ ಫ್ಯೂಮ್ ಸೇರಿ) ಅನುಪಾತ 0.30 ಇದ್ದದ್ದು 0.36ಕ್ಕೆ ಹೋಯ್ತು. ತೀರ ಒಣಮರಳಾದ್ರೆ ಉಲ್ಟಾ, ನಾವು ಹಾಕಿದ ನೀರನ್ನ ಅದೇ ಕುಡಿದುಬಿಡುತ್ತೆ. ಒಂದು ಕೆಜಿ ಮರಳು ತೂಕ ಮಾಡಿ ಬಾಣಲೇಲಿ ಹುರಿದು ಮತ್ತೆ ತೂಕ ಮಾಡಿ, ಎಷ್ಟು ಇಳೀತು ಅಂತ ನೋಡಿದ್ರೆ ಗೊತ್ತಾಗುತ್ತೆ. ಅಮ್ಮನ ಹಳೇ ಬಾಣಲೆ ಕೇಳಿದ್ದಕ್ಕೆ ಅಮ್ಮ "ಏನ್ರೋ ಇದು, ರವೆ ಬದಲು ಮರಳು ಹುರೀತೀರಾ" ಅಂದ್ರು.

ಕಬ್ಬಿಣದ ತಗಡಿನ ಮೇಲೆ ಕೈಯಲ್ಲೇ ಕಲಸಿದ್ವಿ, ಇಷ್ಟು ಕಮ್ಮಿಗೆ ಮಿಲ್ಲರ್ (ಕಾಂಕ್ರೀಟ್ ಕಲಸೋ ಮಿಷನ್ನು) ಬಾಡಿಗೆಗೆ ತಂದ್ರೆ ಅರ್ಧ ಅದರ ಹೊಟ್ಟೇಲೇ ಅಂಟಿಕೊಳ್ಳುತ್ತೆ. ಮೊದಲ ಎರಡು ಮೂರು ನಿಮಿಷ ಅದು ಅವಲಕ್ಕಿ ಒಗ್ಗರಣೆ ಥರ ಉದುರುದುರಾಗಿ ಇರುತ್ತೆ, ಇದು ಯಾವ ಜನ್ಮದಲ್ಲೂ ಕಾಂಕ್ರೀಟ್ ಆಗಲ್ಲ ಅನ್ಸುತ್ತೆ. ಆವಾಗಲೇ ಯಾರೋ ಒಬ್ರಿಗೆ ಕೈ ತಡೆಯಲ್ಲ. ಮೊದಲನೇ ರೌಂಡಲ್ಲಿ ನಾನು ಫೋನ್ ಬಂತು ಅಂತ ಗೇಟಿನ ತನಕ ಹೋಗಿ ಬರೋದ್ರೊಳಗೆ ಮೇಸ್ತ್ರಿ ಅರ್ಧ ಚೊಂಬು ನೀರು ಚಿಮುಕಿಸಿಬಿಟ್ಟಿದ್ದ. "ಒಣಗಿತ್ತು ಸಾ, ಒಂಚೂರೇ ತೋರಿಸಿದೆ ಅಷ್ಟೆ." ತಂಗಿ ಅಳೋದೊಂದು ಬಾಕಿ. ಬೈಯೋಕೆ ಮನಸ್ಸು ಬರಲಿಲ್ಲ, ಮೂವತ್ತು ವರ್ಷದಿಂದ ಅವನ ಕಣ್ಣಿಗೆ ಗೊತ್ತಿರೋ ಕಾಂಕ್ರೀಟು ಹರಿಯೋದೇ. ಎರಡನೇ ರೌಂಡಲ್ಲಿ ನೀರಿನ ಚೊಂಬನ್ನೇ ಒಳಗಿಟ್ಟು ಬಂದು, ಗಡಿಯಾರ ನೋಡ್ಕೊಂಡು ಸುಮ್ಮನೆ ಮಗುಚುತ್ತಾ ಇರು ಅಂದೆ. ನಾಲ್ಕನೇ ನಿಮಿಷ ದಾಟಿದ್ಮೇಲೆ ಪಿಸಿಇ ಕೆಲಸ ಶುರು ಮಾಡ್ತು, ಉದುರುದುರಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಗಿ ಹೊಳಪು ಬಂದು ಸಲಿಕೆ ಮೇಲಿಂದ ನಿಧಾನಕ್ಕೆ ಜಾರೋಕೆ ಶುರುವಾಯ್ತು. ಮೇಸ್ತ್ರಿ ಸಲಿಕೆ ನಿಲ್ಲಿಸಿ ನನ್ನ ಮುಖ ನೋಡ್ದ. "ಏನ್ ಸಾ ಇದು, ಕಣ್ಕಟ್ಟು."

ಆದ್ರೆ ಅಂಟು ಅಂದ್ರೆ ಹಲಸಿನ ಮೇಣದಂಥ ಅಂಟು. ಮೂರು ಪದರ, ಪದರಕ್ಕೆ 35 ಏಟು, ಒಂದು ಕ್ಯೂಬಿಗೆ 105, ಆರಕ್ಕೆ 630. ಸರಳು ಒಳಗೆ ಹೋಗುತ್ತೆ, ಈಚೆ ಬರಲ್ಲ ಅನ್ನುತ್ತೆ. ತಂಗಿ ಅಂಗೈಯಲ್ಲಿ ಬೊಬ್ಬೆ. ಪ್ರತಿ ಪದರ ಆದ್ಮೇಲೆ ಪಕ್ಕಕ್ಕೆ ಮರದ ಸುತ್ತಿಗೇಲಿ ತಟ್ಟಿ, ಮೇಲೆ ಗುಳ್ಳೆ ಬರೋದು ನಿಲ್ಲೋ ತನಕ. ಇಲ್ಲೇ ನೋಡಿ ಪ್ಲಾಸ್ಟಿಕ್ ಮೋಲ್ಡ್ ಬಣ್ಣ ಬಯಲಾಗಿದ್ದು. ಕಬ್ಬಿಣದ್ದನ್ನ ತಟ್ಟಿದ್ರೆ ಕಲ್ಲಿನ ಹಾಗೆ ನಿಲ್ಲುತ್ತೆ, ಪ್ಲಾಸ್ಟಿಕ್ಕಿಂದು ಒಂದರಲ್ಲಿ ಪಕ್ಕ ಕೈಗೆ ಸಿಗೋ ಹಾಗೆ ಉಬ್ಬಿತು. ಆಗ ಗಮನಕ್ಕೆ ಬಂದ್ರೂ ಬಿಡು ಅಂದ್ಕೊಂಡ್ವಿ, ಅದು ತಪ್ಪು.

ಮೊದಲನೇ ರೌಂಡ್ ಹಾಕಿದ್ದು ಡಿಸೆಂಬರ್ ಮೊದಲ ವಾರ. ಆರು ಮೋಲ್ಡನ್ನೂ ಶೆಡ್ಡಲ್ಲೇ ಬಿಟ್ಟು ಒದ್ದೆ ಗೋಣಿಚೀಲ ಹೊದಿಸಿ ಮಲಗಿದ್ವಿ. ಹಾಸನದ ಡಿಸೆಂಬರ್ ಗೊತ್ತಿರೋರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಬಿಚ್ಚಿ ಡ್ರಮ್ಮಿಗೆ ಇಳಿಸಿದ್ವಿ, ಡ್ರಮ್ಮು ಅಂಗಳದಲ್ಲಿ ತುಳಸಿಕಟ್ಟೆ ಪಕ್ಕ, 200 ಲೀಟರಿನ ನೀಲಿದು, ಅರ್ಧ ನೀರು ತುಂಬಿ ಒಂದಿಷ್ಟು ಸುಣ್ಣ ಕದಡಿ. ಸುಣ್ಣ ಯಾಕಂದ್ರೆ ಬರೀ ನೀರಲ್ಲಿಟ್ರೆ ಕ್ಯೂಬಿನ ಮೈಯಿಂದ ಸುಣ್ಣ ಕರಗಿ ನೀರಿಗೆ ಹೋಗುತ್ತೆ, ನೀರಲ್ಲೇ ಸುಣ್ಣ ತುಂಬಿದ್ರೆ ಹೋಗೋಕೆ ಜಾಗ ಇರಲ್ಲ. ಅಮ್ಮ ಎರಡನೇ ದಿನ ಆ ನೀರನ್ನೇ ಒಂದು ಚೊಂಬು ತೆಗೆದು ತುಳಸಿಗೆ ಹಾಕಿದ್ರು. ತುಳಸಿ ಬದುಕಿದೆ, ಭಯ ಬೇಡ.

7 ದಿನಕ್ಕೆ ಮೂರು ಒಡೆಸಿದ್ವಿ. 36.4, 37.8, 35.1. ಸಾಮಾನ್ಯವಾಗಿ 7 ದಿನಕ್ಕೆ ಮೂರರಲ್ಲಿ ಎರಡು ಭಾಗ ಬಂದುಬಿಡಬೇಕು, ಅಂದ್ರೆ ನಮ್ಮ ಗುರಿ ಪ್ರಕಾರ 45ರ ಮೇಲೆ. ಚೊಂಬಿನ ನೀರಿನದ್ದು ಒಂದು ಪಾಲು ಇದ್ದೇ ಇತ್ತು. ಇನ್ನೊಂದು ಪಾಲು ಯಾವುದು ಅಂತ ತಂಗಿಗೆ ಹೊಳೆದಿದ್ದು ಬೆಳಗ್ಗೆ ಆರಕ್ಕೆ ಡ್ರಮ್ಮಿಗೆ ಕೈ ಹಾಕಿದಾಗ, ಕೈ ಕೊರೀತಿತ್ತು. ಜ್ವರದ ಥರ್ಮಾಮೀಟರಲ್ಲಿ ಇದು ಗೊತ್ತಾಗಲ್ಲ, ಕಾಲೇಜಿಂದ ಒಂದು ತಂದು ಇಳಿಬಿಟ್ಟು ನೋಡಿದ್ರೆ 17 ಡಿಗ್ರಿ. ಕ್ಯೂಬ್ ಟೆಸ್ಟಿನ ಸ್ಟ್ಯಾಂಡರ್ಡ್ ಐಎಸ್ 516 ಹೇಳೋದು 27, ಎರಡು ಡಿಗ್ರಿ ಆಚೀಚೆ. ಮೊದಲನೇ 24 ಗಂಟೆ ಮೋಲ್ಡೊಳಗಿರುವಾಗಲೂ ಅಷ್ಟೇ ಬಿಸಿ ಇರಬೇಕು, ಗಾಳೀಲಿ 90 ಪರ್ಸೆಂಟ್ ತೇವ ಇರಬೇಕು. ಸಿಮೆಂಟಿಗೂ ಚಳಿ ಆಗುತ್ತೆ ಕಣಣ್ಣ ಅಂದ್ಲು. ಸೈಟಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತೀವಲ್ಲ, ಎಷ್ಟು ದಿನ ಅಂತ ಕೇಳ್ತೀವೇ ಹೊರತು ನೀರು ಎಷ್ಟು ತಣ್ಣಗಿದೆ ಅಂತ ನಾನಂತೂ ಯಾವತ್ತೂ ಕೇಳಿರಲಿಲ್ಲ.

ಅಲ್ಲಿಗೆ ಬಂತು ಮೀನಿನ ಹೀಟರು. ಅಕ್ವೇರಿಯಂ ಅಂಗಡೀಲಿ ಸಿಗುತ್ತಲ್ಲ ಉದ್ದ ಗಾಜಿನ ಕೊಳವೆ ಥರದ್ದು, 300 ವಾಟಿಂದು, ತಿರುಗಿಸಿ 27ಕ್ಕೆ ಇಟ್ರೆ ತಾನೇ ಆನ್ ಆಗಿ ತಾನೇ ಆಫ್ ಆಗುತ್ತೆ. ಅಂಗಡಿಯವನು ಯಾವ ಮೀನು ಸಾರ್ ಅಂದ. ಎಂಟು ಕೆಜಿಯ ಆರು ಮೀನು ಅಂದೆ. ನೂರು ಲೀಟರ್ ನೀರನ್ನ 18ರಿಂದ 27ಕ್ಕೆ ತರೋಕೆ ನಾಲ್ಕು ಗಂಟೆ ಹತ್ತಿರ ತಗೋತು, ಡ್ರಮ್ಮಿಗೆ ಸುತ್ತ ಗೋಣಿಚೀಲ ಕಟ್ಟಿ ಮೇಲೆ ಹಲಗೆ ಮುಚ್ಚಿದ್ಮೇಲೆ ರಾತ್ರಿಯೆಲ್ಲ 26ರ ಕೆಳಗೆ ಇಳೀಲಿಲ್ಲ. ಈ ರಿವ್ಯೂನಲ್ಲಿ ದುಡ್ಡಿಗೆ ತಕ್ಕ ಮಾಲು ಅಂದ್ರೆ ಇದೇ, 5ಕ್ಕೆ 4.5. ಅರ್ಧ ಕಳೆದಿದ್ದು ಯಾಕಂದ್ರೆ ಸುಣ್ಣದ ನೀರಲ್ಲಿ ಗಾಜಿನ ಮೇಲೆ ಬಿಳೀ ಪೊರೆ ಕಟ್ಟುತ್ತೆ, ವಾರಕ್ಕೊಂದ್ಸಲ ನಿಂಬೆಹಣ್ಣಲ್ಲಿ ಉಜ್ಜಬೇಕು. ಕ್ಯೂಬು ಇಳಿಸುವಾಗ ತಾಗಿದ್ರೆ ಒಡೆದೇ ಹೋಗುತ್ತೆ, ನಮ್ಮದು ಒಂದು ಹಾಗೇ ಹೋಯ್ತು. ಕೈ ಹಾಕೋ ಮುಂಚೆ ಪ್ಲಗ್ ಕಿತ್ತೇ ಹಾಕಿ, ಸ್ವಿಚ್ ಆಫ್ ಮಾಡಿದೀನಿ ಅನ್ನೋ ಧೈರ್ಯ ಬೇಡ.

ಎರಡನೇ ರೌಂಡಲ್ಲಿ ಮೊದಲ 24 ಗಂಟೆಗೆ ಏನ್ ಮಾಡಿದ್ವಿ ಅಂದ್ರೆ, ಬಚ್ಚಲುಮನೆ. ನಮ್ಮದು ಹಳೇ ಮನೆ, ಹಂಡೆ ಒಲೆ ಇನ್ನೂ ಇದೆ. ಒಲೆಯಿಂದ ದೂರದ ಮೂಲೇಲಿ ಮೋಲ್ಡುಗಳನ್ನ ಸಾಲಾಗಿ ಇಟ್ಟು ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಬೆಂಕಿ ಆರಿದ್ಮೇಲೂ ಕೆಂಡದ ಕಾವು, ಹಬೆ, ಬೆಳಗಿನ ಜಾವ ನೋಡಿದ್ರೆ 28 ಡಿಗ್ರಿ. ಎಷ್ಟು ದುಡ್ಡು ಕೊಟ್ರೂ ಇಂಥಾ ಕ್ಯೂರಿಂಗ್ ರೂಮ್ ಸಿಗಲ್ಲ. ಅವತ್ತು ಮನೇಲಿ ಯಾರಿಗೂ ಸ್ನಾನ ಇಲ್ಲ. ಸಂಕ್ರಾಂತಿ ಹಿಂದಿನ ಭಾನುವಾರ ಬೇರೆ, ಎಣ್ಣೆ ಹಚ್ಕೊಂಡು ಕೂತಿದ್ದ ಅಪ್ಪ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬಂದ್ರು.

ಈಗ ಲ್ಯಾಬು. ಎರಡು ಲ್ಯಾಬಿಗೆ ಹೋದ್ವಿ, ಎರಡರ ಹೆಸರೂ ಬೇಡ. ಮೊದಲನೇದು ಹತ್ತಿರದ್ದು, ಮೊದಲ ರೌಂಡಿನ ಆರೂ ಅಲ್ಲೇ. ಬೆಳಗ್ಗೆ ಹತ್ತಕ್ಕೆ ನೀರಿಂದ ತೆಗೆದು ಒದ್ದೆ ಬಟ್ಟೇಲಿ ಸುತ್ತಿ ಕೊಟ್ಟು ಬಂದ್ರೆ, ಬಟ್ಟೆ ಬಿಚ್ಚಿ ವರಾಂಡದ ಬಿಸಿಲಲ್ಲಿ ಇಟ್ಟು ಸಂಜೆ ನಾಲ್ಕಕ್ಕೆ ಒಡೆದ್ರು. ಕ್ಯೂಬನ್ನ ನೀರಿಂದ ತೆಗೆದು ಒದ್ದೆ ಇರುವಾಗಲೇ ಒಡೀಬೇಕು. ಒಣಗಿದ ಕ್ಯೂಬು ಸ್ವಲ್ಪ ಜಾಸ್ತಿನೇ ತೋರಿಸುತ್ತೆ, ಅಂದ್ರೆ ನಮ್ಮ 36ರಲ್ಲೂ ಒಂದೆರಡು ಪುಕ್ಕಟೆ ಮಾರ್ಕ್ಸ್ ಇರಬಹುದು. ಒಳಗೆ ಬಿಡಲ್ಲ ಅಂದ್ರು. 28 ದಿನದ್ದಕ್ಕೆ ತಂಗಿ ಬಾಗಿಲಲ್ಲೇ ನಿಂತು ನೋಡಿದ್ಲು, ಒಂದು ಕ್ಯೂಬನ್ನ ಕರಣೇಲಿ ಒರೆಸಿದ ಮುಖ ಮೇಲೆ ಮಾಡಿ ಮಿಷನ್ನಿಗೆ ಇಡ್ತಿದ್ರಂತೆ. ಅದು ಪಕ್ಕಕ್ಕೆ ಬರಬೇಕು, ಮೋಲ್ಡಿಗೆ ತಾಗಿದ್ದ ನಯವಾದ ಮುಖಗಳ ಮೇಲೇ ಭಾರ ಬೀಳಬೇಕು. ಕೂಗಿ ಹೇಳಿದ್ಮೇಲೆ ತಿರುಗಿಸಿದ್ರು. ಬಂದಿದ್ದು 52.4, 54.1, 40.8. ಆ 40.8 ಉಬ್ಬಿದ ಪ್ಲಾಸ್ಟಿಕ್ಕಿಂದು. ಮೂರರ ಸರಾಸರಿ 49.1, ಯಾವುದೂ ಸರಾಸರಿಗಿಂತ 15 ಪರ್ಸೆಂಟ್ ಜಾಸ್ತಿ ಆಚೀಚೆ ಹೋಗಬಾರದು, ಅಂದ್ರೆ 41.7ರ ಕೆಳಗೆ ಬಂದ್ರೆ ಇಡೀ ಸೆಟ್ಟೇ ಲೆಕ್ಕಕ್ಕಿಲ್ಲ. ರಿಪೋರ್ಟಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ, ಸರಾಸರಿ ಬರೆದು ಸೀಲ್ ಹೊಡೆದು ಕೊಟ್ರು. ಒಡೆದ ಚೂರು ಕೇಳಿ ತಂದು ಅಂಗಳದಲ್ಲಿ ಜೋಡಿಸಿ ನೋಡಿದ್ವಿ. ಉಬ್ಬಿದ ಕಡೆಯ ಒಂದು ಮೂಲೆ ಮಾತ್ರ ಸೀಳಿ ಉದ್ದಕ್ಕೆ ಹೋಗಿದೆ, ಉಳಿದದ್ದು ಹಾಗೇ ಇದೆ. ಭಾರ ಎಲ್ಲ ಆ ಒಂದು ಮೂಲೆಗೇ ಮೊದಲು ಬಿದ್ದಿದೆ. ಆಮೇಲೆ ಮೂಲೆಮಟ್ಟ ಇಟ್ಟು ನೋಡಿದ್ರೆ ಮೂರು ಪ್ಲಾಸ್ಟಿಕ್ಕಲ್ಲಿ ಅದೊಂದೇ ಹಾಳು, ಬೇರೆ ಎರಡು ಸರಿಯಾಗೇ ಇದ್ವು. ಹಾಗಾಗಿ ಎಲ್ಲ ಪ್ಲಾಸ್ಟಿಕ್ಕೂ ಕೆಟ್ಟದ್ದು ಅನ್ನಲ್ಲ, ಆದ್ರೆ ಮೂರಕ್ಕೆ ಒಂದು ಹಾಳು ಅಂದ್ರೆ ಎಂ60ಕ್ಕೆ ನಂಬೋಕಾಗಲ್ಲ. ವಾಪಸ್ ತಗೊಳ್ಳಿ ಅಂದ್ರೆ ಬಳಸಿದ ಮೇಲೆ ಆಗಲ್ಲ ಅಂದ್ರು. ಬಳಸದೆ ಉಬ್ಬುತ್ತೆ ಅಂತ ಹೇಗ್ರಪ್ಪ ಗೊತ್ತಾಗೋದು.

ಎರಡನೇ ರೌಂಡಲ್ಲಿ ಐದೇ ಕ್ಯೂಬು ಹಾಕಿದ್ವಿ. 7 ದಿನಕ್ಕೆ ಆ ಎರಡು ಸರಿ ಇದ್ದ ಪ್ಲಾಸ್ಟಿಕ್ಕಿಂದು, 46.9 ಮತ್ತೆ 48.3. ತಂಗಿ ಅವತ್ತು ಎರಡು ಹೋಳಿಗೆ ಜಾಸ್ತಿ ತಿಂದ್ಲು. 28 ದಿನದ್ದು ಮೂರೂ ಕಬ್ಬಿಣದ ಮೋಲ್ಡಿಂದು, ಅದನ್ನ ಬೆಂಗಳೂರಿನ ಲ್ಯಾಬಿಗೇ ಒಯ್ಯೋಣ ಅಂತ ತೀರ್ಮಾನ ಮಾಡಿದ್ವಿ. ಕ್ಯೂಬಿಗೆ ಎಂಟು ಕೆಜಿ ಮೇಲೆ, ಮೂರು ಸೇರಿ 25 ಕೆಜಿ ಹತ್ತಿರ, ಒದ್ದೆ ಗೋಣಿ ಸುತ್ತಿ ಪ್ಲಾಸ್ಟಿಕ್ ಬಕೆಟಲ್ಲಿಟ್ಟು ಬಸ್ ಹತ್ತಿದೆ. ಕಂಡಕ್ಟರ್ ಎತ್ತೋಕೆ ಹೋಗಿ ಬಿಟ್ಟು "ಏನ್ರೀ ಇದು, ದೇವ್ರಾ?" ಅಂದ್ರು. ಗೋಣಿಯಿಂದ ನೀರು ತೊಟ್ಟಿಕ್ತಿತ್ತು, ಅಭಿಷೇಕ ಆದ ಹಾಗೇ ಇತ್ತು.

ಆ ಲ್ಯಾಬಿನ ಆಪರೇಟರು ಸಿಕ್ಕಿದ್ದು ನಮ್ಮ ಪುಣ್ಯ. ಹಿಂದಿನ ದಿನವೇ ತರಿಸಿಕೊಂಡು ಅವರ ತೊಟ್ಟಿ ನೀರಲ್ಲಿ ಇಟ್ರು. ಮಾರನೇ ದಿನ ತೆಗೆದು ಬಟ್ಟೇಲಿ ಒರೆಸಿ, ತೂಕ ಮಾಡಿ, ಅಳತೆ ತೆಗೆದು, ಮಿಷನ್ನಿನ ಪ್ಲೇಟನ್ನೂ ಒರೆಸಿ, ಕರಣೆ ಮುಖ ಪಕ್ಕಕ್ಕೆ ಮಾಡಿ ನಡುಮಧ್ಯ ಇಟ್ರು. ಸೆಕೆಂಡಿಗೆ 5.2 ಕಿಲೋನ್ಯೂಟನ್ನಿನ ಹಾಗೆ ಭಾರ ಏರಿಸೋದು ಅಂತ ಸೆಟ್ ಮಾಡಿ, ಜಾಲರಿ ಬಾಗಿಲು ಹಾಕಿ, "ನಿಂತ್ಕೊಂಡು ನೋಡಮ್ಮ, ಆದ್ರೆ ಕಿವಿ ಮುಚ್ಕೋ" ಅಂದ್ರು. ಸುಮಾರು ಐದು ನಿಮಿಷ. 900 ಕಿಲೋನ್ಯೂಟನ್ ದಾಟಿತು, ನಾನು ಉಸಿರು ಬಿಡಲಿಲ್ಲ. 1200, 1350 ಮೌನ, ಒಂದು ಗೀರೂ ಕಾಣ್ತಿಲ್ಲ. ಎಂ25 ಕ್ಯೂಬುಗಳು ಹೇಗೆ ಅಂದ್ರೆ ಮೊದಲೇ ಕಿರಗುಟ್ಟಿ, ಪಕ್ಕ ಉದುರಿ, ಸೋತೆ ಅಂತ ಹೇಳಿ ಸೋಲ್ತವೆ. ಇದು 1510ಕ್ಕೆ ಏನೂ ಸೂಚನೆ ಕೊಡದೆ ಢಮ್ಮಂತ ಸಿಡೀತು, ಜಾಲರಿಗೆ ಚೂರು ಬಡಿದ ಸದ್ದಿಗೆ ನಾನು ಒಂದು ಹೆಜ್ಜೆ ಹಿಂದೆ. ಕ್ಯೂಬಿನ ಮುಖದ ಅಳತೆಗೆ ಭಾಗಿಸಿ ಲೆಕ್ಕ ಹಾಕಿದ್ರೆ 67.1. ಉಳಿದವು 69.4, 65.8. ಸರಾಸರಿ 67.4.

ಒಡೆದದ್ದನ್ನ ಆಪರೇಟರು ಕೈಯಲ್ಲಿ ಹಿಡಿದು ತಂಗಿಗೆ ತೋರಿಸಿದ್ರು. ನಾಲ್ಕೂ ಕಡೆ ಸಮನಾಗಿ ಉದುರಿ ನಡುವೆ ಸಣ್ಣ ಆಗಿ ಉಳಿದಿತ್ತು, ಶಿವನ ಕೈಯ ಡಮರು ಥರ. ಹೀಗೆ ಒಡೆದ್ರೆ ಭಾರ ಸಮಾ ಬಿದ್ದಿದೆ ಅಂತ ಅರ್ಥ. ಇನ್ನೊಂದು ತೋರಿಸಿದ್ರು, ಒಡೆದ ಮುಖದಲ್ಲಿ ಜಲ್ಲಿಕಲ್ಲೇ ಸೀಳಿತ್ತು, ಕಲ್ಲಿನ ಒಳಗಿನ ಬಿಳೀ ಕಪ್ಪು ಚುಕ್ಕೆ ಕಾಣ್ತಿತ್ತು. ಮೊದಲನೇ ರೌಂಡಿನ ಚೂರಲ್ಲಿ ಜಲ್ಲಿ ಹಾಗೇ ಕಿತ್ತುಬಂದು ಗುಳಿ ಉಳಿದಿತ್ತು, ಹಲ್ಲು ಬಿದ್ದ ವಸಡಿನ ಹಾಗೆ. ಇಲ್ಲಿ ಅಂಟು ಕಲ್ಲಿಗಿಂತ ಗಟ್ಟಿ ಆಗಿದೆ. ಗುರಿ 68.25 ಇತ್ತಲ್ಲ, ಒಂದು ಕಮ್ಮಿ ಆಯ್ತು ಅಂತ ತಂಗಿ ಸಪ್ಪಗಾದ್ಲು. ಆಪರೇಟರು "ಬಚ್ಚಲುಮನೇಲಿ ಕ್ಯೂರಿಂಗ್ ಮಾಡಿ 67 ತಂದಿದೀಯ, ಹೋಗಮ್ಮ" ಅಂದ್ರು. ಮೂರು ಕ್ಯೂಬಿಗೆ ಆರುನೂರು ಚಿಲ್ಲರೆ ತಗೊಂಡ್ರು, ಬಸ್ ಚಾರ್ಜು ಅದಕ್ಕಿಂತ ಜಾಸ್ತಿ ಆಯ್ತು. 5ಕ್ಕೆ 5. ನಾವು ಮನೆಗೆ ಬಂದಾಗ ಶಿವರಾತ್ರಿ ಹತ್ತಿರ, ಚಳಿ ಶಿವ ಶಿವಾ ಅಂತ ಹೋಗ್ತಾ ಇತ್ತು, ಹೀಟರ್ ಬಿಚ್ಚಿದ್ವಿ.

ಮನೆ ಕಟ್ಟಿಸ್ತಿರೋರು ನಮಗೆ ಯಾಕೆ ಮೋಲ್ಡು ಅಂತ ಕೇಳಬಹುದು. ಸಾವಿರ ಚದರಡಿಯ ತಾರಸಿ, ತೊಲೆ ಸೇರಿ ಸುಮಾರು 15 ಘನ ಮೀಟರ್ ಕಾಂಕ್ರೀಟ್ ಅಂತಿಟ್ಕೊಳ್ಳಿ. ಐಎಸ್ 456 ಪ್ರಕಾರ 6ರಿಂದ 15 ಘನ ಮೀಟರಿಗೆ ಎರಡು ಸ್ಯಾಂಪಲ್, ಸ್ಯಾಂಪಲಿಗೆ ಮೂರು ಕ್ಯೂಬು. ಅಲ್ಲಿಗೆ ಆರು ಮೋಲ್ಡು ಸರಿಹೋಯ್ತು. ರೆಡಿಮಿಕ್ಸ್ ಲಾರಿಯವರು ನಾವೇ ಕ್ಯೂಬ್ ತೆಗೀತೀವಿ ಅಂತಾರೆ, ತೆಗೀಲಿ, ನಿಮ್ಮದೂ ಒಂದು ಸೆಟ್ ಇರಲಿ. ಎಂ20, ಎಂ25ಕ್ಕೆ ಪ್ಲಾಸ್ಟಿಕ್ ತಗೊಂಡ್ರೂ ನಡೆಯುತ್ತೆ, ಬಂದ ದಿನವೇ ಬೆರಳಲ್ಲಿ ಒತ್ತಿ ನೋಡಿ ಉಬ್ಬೋದನ್ನ ವಾಪಸ್ ಕಳಿಸಿ, ಬಳಸೋಕೆ ಮುಂಚೆ. ಅದಕ್ಕಿಂತ ಮೇಲೆ ಹೋಗೋರು ಕಬ್ಬಿಣದ್ದೇ ತಗೊಳ್ಳಿ, 5ಕ್ಕೆ 4, ಒಂದು ಕಳೆದಿದ್ದು ಸೋರೋದಕ್ಕೆ ಮತ್ತೆ ನನ್ನ ಹೆಗಲಿಗೆ. ಪ್ಲಾಸ್ಟಿಕ್ಕಿಗೆ 2.

ಆ ಉಬ್ಬಿದ ಮೋಲ್ಡು ಈಗ ಅಮ್ಮನ ಹತ್ತಿರ ಇದೆ. ತಳದಲ್ಲಿ ತೂತು ಇದ್ಯಲ್ಲ, ನೀರು ನಿಲ್ಲಲ್ಲ ಅಂತ ಮಣ್ಣು ತುಂಬಿ ಪುದೀನ ಹಾಕಿದಾರೆ, ಒಡೆದ ಡಮರು ಒಂದರ ಮೇಲೆ ಇಟ್ಟಿದಾರೆ. ನಿನ್ನೆ ಚಟ್ನಿ ಆಯ್ತು. ಬೇರೆ ಎರಡನ್ನೂ ಕೊಡು, ಕೊತ್ತಂಬರಿ ಹಾಕಬೇಕು ಅಂತ ಕೇಳ್ತಿದಾರೆ.